ಸದ್ದು ಎಲ್ಲಿ ನಿಂತಿತು?

ಮೊಮ್ಮಗನಿಗೆ ಎಲೆಕ್ಟ್ರಿಕ್ ಗಿಟಾರ್ ಹುಚ್ಚು. ಆದರೆ ಅವನ ಸರದಿ ಬಂದಾಗ ಗೆಳೆಯರ ಡ್ರಮ್ ಸದ್ದಿನಲ್ಲಿ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. "ಕಾಲಲ್ಲಿ ಒತ್ತಿದರೆ ಸದ್ದು ಏರಿಸುವ ಬೂಸ್ಟ್ ಪೆಡಲ್ ಇದೆಯಂತೆ. ನಾವೇ ಮಾಡೋಣವಾ ತಾತ?" ಎಂದ. ರೇಡಿಯೋ ರಿಪೇರಿಯಲ್ಲೇ ಆಯುಷ್ಯ ಕಳೆದ ನನಗೆ ಹಬ್ಬ!

ಗಿಟಾರ್ ತಂತಿ ಮಿಡಿದರೆ ಅದರಡಿಯ ಅಯಸ್ಕಾಂತದ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಅಲೆ ಏಳುತ್ತದೆ. ಅದನ್ನು ಹಿಗ್ಗಿಸುವುದು ಟ್ರಾನ್ಸಿಸ್ಟರ್. ಬಿಸಿ 547 ಟ್ರಾನ್ಸಿಸ್ಟರ್, ನಾಲ್ಕಾರು ಬಿಡಿಭಾಗ, 9 ವೋಲ್ಟ್ ಬ್ಯಾಟರಿ, ಎಲ್ಲವೂ ತಗಡಿನ ಡಬ್ಬಿಯೊಳಗೆ ಕೂತವು.

ಒತ್ತಿದ. ಸದ್ದೇ ಇಲ್ಲ! "ನನ್ನ ಕೈಲಾಗಲ್ಲ, ಬಿಸಾಡು ತಾತ" ಎಂದು ಕಣ್ಣು ತುಂಬಿಕೊಂಡ.

"ಒತ್ತದಿದ್ದರೆ ಗಿಟಾರ್ ಕೇಳುತ್ತೆ. ಅಂದಮೇಲೆ ತೊಂದರೆ ಡಬ್ಬಿಯೊಳಗೇ ಇದೆ. ಮೀಟರ್ ಹಿಡಿ" ಎಂದೆ.

ಬ್ಯಾಟರಿ 9 ವೋಲ್ಟ್, ಸರಿ. ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಲ್ಲಿ ನಮ್ಮ ಲೆಕ್ಕಕ್ಕೆ ಸುಮಾರು 5 ಇರಬೇಕು, ಅಲ್ಲೂ 9! ಎಂದರೆ ಅದರೊಳಗೆ ಕರೆಂಟ್ ಹರಿಯುತ್ತಿಲ್ಲ. ಬೇಸ್ ಕಾಲಲ್ಲಿ ಸೊನ್ನೆ. ಅದಕ್ಕೆ ಕರೆಂಟ್ ತರುವ ರೆಸಿಸ್ಟರಿನ ಬೆಸುಗೆ ಮಂಕಾಗಿ ಅಲುಗಾಡುತ್ತಿತ್ತು. ಡ್ರೈ ಸೋಲ್ಡರ್!

ನಾನು ಪಕ್ಕದಲ್ಲಿ ಕೂತೆ, ಅವನೇ ಮತ್ತೆ ಬೆಸೆದ. ಗಿಟಾರ್ ಗುಡುಗಿತು, ಅಜ್ಜಿ ಅಡುಗೆಮನೆಯಿಂದ ಓಡಿಬಂದಳು.

ಮಕ್ಕಳೇ, ಕೆಟ್ಟದ್ದೆಲ್ಲ ಕಸವಲ್ಲ. ಎಲ್ಲಿಯವರೆಗೆ ಸರಿಯಿದೆ ಎಂದು ಒಂದೊಂದೇ ಹೆಜ್ಜೆ ನೋಡುತ್ತ ಹೋದರೆ, ತಪ್ಪು ತಾನೇ ಸಿಕ್ಕಿಬೀಳುತ್ತದೆ.