ಮನೆ ಮುಂದಿನ ದಾರಿ: ಕೇಳಿದ್ದು ರೆಸಿನ್, ಹಾಕಿಸಿದ್ದು ಕಾಂಕ್ರೀಟ್

ಎರಡು ವರ್ಷದ ಹಿಂದೆ ಸುಗ್ಗಿಯೊಳಗೆ, ರಸ್ತೆ ಮೇಲೆ ಹರವಿದ್ದ ನಮ್ಮ ಮೆಕ್ಕೆಜೋಳದ ಮೇಲೆ ಬೈಕ್ ಜಾರಿ ಒಬ್ಬ ಹುಡುಗ ಬಿದ್ದ. ಮೊಣಕೈ ಮುರೀತು. ಅವರ ಮನೆಯವರು ಜಗಳಕ್ಕೆ ಬರಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ಸೊಕ್ಕೆ ಸುತ್ತ ನಾವೆಲ್ಲ ಡಾಂಬರ್ ಮೇಲೇ ಒಣಗಿಸೋದು, ಸಾಲದ್ದಕ್ಕೆ ಅಂಚಿಗೆ ಕಲ್ಲು ಬೇರೆ ಇಡ್ತೀವಿ. ತೇವಾಂಶ 14ಕ್ಕೆ ಇಳೀಲಿಲ್ಲ ಅಂದ್ರೆ ಬೆಂಬಲ ಬೆಲೆ ಕೇಂದ್ರದಾಗೆ ಚೀಲ ವಾಪಸ್, ಹೊರಗೆ ಮಾರಿದ್ರೆ ರೇಟಿನಾಗೆ ಕಡಿತ. ಕಣ ಇಲ್ಲದವರು ಏನು ಮಾಡ್ಬೇಕು?

ರಸ್ತೆಯಿಂದ ನಮ್ಮ ಮನೆವರೆಗೆ 80 ಅಡಿ ಉದ್ದ, 12 ಅಡಿ ಅಗಲದ ದಾರಿ ಐತಿ. ಎರೆ ಮಣ್ಣು. ಮಳೆ ಬಂದ್ರೆ ಟ್ರ್ಯಾಕ್ಟರ್ ಹೂತ್ಕೊಳ್ಳೋದು. ಇದನ್ನೇ ಗಟ್ಟಿ ಮಾಡಿಸಿದ್ರೆ ದಾರೀನೂ ಆಯ್ತು, ಕಣಾನೂ ಆಯ್ತು ಅಂತ ಲೆಕ್ಕ ಹಾಕಿದೆ.

ಇಂಗ್ಲೆಂಡಿನಾಗಿರೋ ಅಕ್ಕನ ಮಗ ವಿಡಿಯೊ ಕಾಲ್ ಮಾಡಿ ಅವರ ಮನೆ ಮುಂದಿನ ದಾರಿ ತೋರಿಸಿದ. 'ಮಾವ, ನೀನೂ ಇದನ್ನೇ ಹಾಕ್ಸು, ರೆಸಿನ್!' ನೋಡಾಕೆ ಚಂದ, ಸಣ್ಣ ಸಣ್ಣ ಕಲ್ಲುಹರಳು ಅಂಟಿಸಿದಂಗೆ. ಎರಡು ಡಬ್ಬಿಯ ಅಂಟನ್ನ ಬೆರೆಸಿ, ಅದರಾಗೆ ಒಣಗಿದ ಹರಳು ಕಲಸಿ, ಗಟ್ಟಿಯಾಗೋದರೊಳಗೆ ಕರಣೆಯಿಂದ ತಿಕ್ಕಿ ಮುಗಿಸ್ಬೇಕು. ಆ ಹೊತ್ತಿಗೆ ಹನಿ ಮಳೆ ಬಿದ್ರೂ ಕೆಟ್ಟಂಗೆ. ದಪ್ಪ ಬರೀ 15ರಿಂದ 18 ಮಿಲಿಮೀಟರ್. ನೀರು ಸಂದಿಯಿಂದ ಕೆಳಗಿಳಿದು ಹೋಗ್ತದೆ. ಅಲ್ಲಿ 2008ರಿಂದ ಮನೆ ಮುಂದೆ 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ನೀರು ಇಂಗದಂಥದ್ದು ಹಾಕಿ, ನೀರನ್ನ ರಸ್ತೆಗೆ ಬಿಡಂಗಿದ್ರೆ ಪರ್ಮಿಷನ್ ಬೇಕಂತೆ. ಅದಕ್ಕೇ ಅಲ್ಲಿ ಇದಕ್ಕೆ ಬೇಡಿಕೆ.

ನಾನೂ ಆಸೆಪಟ್ಟು ಬೆಂಗಳೂರಿಗೆ ಫೋನ್ ಹಚ್ಚಿದೆ. ಚದರಡಿಗೆ 220 ರೂಪಾಯಿ ಅಂದ್ರು. 960 ಅಡಿಗೆ 2 ಲಕ್ಷದ 11 ಸಾವಿರ. ಇಷ್ಟಕ್ಕೇ ಮುಗೀತಾ ಅಂದ್ರೆ, 'ಕೆಳಗಿನ ಬೆಡ್ ನೀವೇ ಮಾಡಿಸಿ ಕೊಡ್ಬೇಕು ಸಾರ್' ಅಂದ್ರು. ಅಲ್ಲಿಗೆ ನನಗೆ ವಿಷಯ ಗೊತ್ತಾತು. ರೆಸಿನ್ ಅನ್ನೋದು ಹೊದಿಕೆ, ದಾರಿ ಅಲ್ಲ. ಭಾರ ಹೊರೋದು ಕೆಳಗಿನ ಕಾಂಕ್ರೀಟೋ ಡಾಂಬರೋ. ಅದಕ್ಕೂ ಕೆಳಗೆ ನಮ್ಮ ಎರೆ, ಮಳೆಗಾಲದಾಗೆ ಉಬ್ಬಿ ಬೇಸಿಗೆಯಾಗೆ ಬಾಯಿ ಬಿಡೋ ಮಣ್ಣು. ಬೆಡ್ ಸೀಳಿದ್ರೆ ಮೇಲಿನ ಚಂದಾನೂ ಸೀಳ್ತದೆ. ಹರಳಿನ ಸಂದಿಗೆ ಕಾಳಿನ ನುಚ್ಚು, ಧೂಳು ಕೂತ್ರೆ ಯಾರು ತೊಳೀತಾರೆ? ಕೇಜ್ ವೀಲ್ ಹತ್ತಿಸಿದ್ರಂತೂ ಕಿತ್ತೇ ಬರ್ತಿತ್ತು.

ಹಂಗಾಗಿ ಹೋದ ಜನವರಿಯಾಗೆ ಬರೀ ಕಾಂಕ್ರೀಟ್ ಹಾಕಿಸಿದೆ. ಜೆಸಿಬಿಯಿಂದ ಒಂದೂವರೆ ಅಡಿ ಎರೆ ತೆಗೆಸಿ, ಗರಸು ತುಂಬಿಸಿ, ನೀರು ಹೊಡೆದು ಎರಡು ಸಲ ರೋಲರ್ ಓಡಿಸಿದೆ. ಮೇಲೆ ಪ್ಲಾಸ್ಟಿಕ್ ಹಾಳೆ, 5 ಇಂಚು ಕಾಂಕ್ರೀಟ್. ಸಿಮೆಂಟ್ ಒಂದು, ಮರಳು ಒಂದೂವರೆ, ಜಲ್ಲಿ ಮೂರು. 10 ಅಡಿಗೆ ಒಂದೂವರೆ ಇಂಚು ಇಳಿಜಾರು. ಮಾರನೇ ದಿನಾನೇ ಕಟರ್ ತರಿಸಿ 10 ಅಡಿಗೊಂದು ಗೆರೆ ಕೊಯ್ಸಿದೆ. ಇದನ್ನ ತಡ ಮಾಡಿದ್ರೆ ಅದು ತನಗೆ ಬೇಕಾದ ಕಡೆ ಬಿರುಕು ಬಿಡ್ತದೆ.

ಖರ್ಚು ಕೇಳ್ತೀರಿ, ಬರ್ಕೊಳ್ಳಿ. ಸಿಮೆಂಟ್ 90 ಚೀಲ, 33,300. ಜಲ್ಲಿ, ಎಂ-ಸ್ಯಾಂಡ್ ಸೇರಿ 24,500. ಗರಸು 12,000. ಜೆಸಿಬಿ, ರೋಲರ್ 11,000. ಗೌಂಡಿ ಕೂಲಿ 24,000. ಹಾಳೆ, ಕಟರ್ 4,000. ಒಟ್ಟು 1,08,800. ಅಡಿಗೆ 113 ರೂಪಾಯಿ ಬಿತ್ತು. ಕೂಲಿ ಊರಿಂದೂರಿಗೆ ಬೇರೆ, ಕೇಳಿ ನೋಡ್ರಿ.

ನೀರು ಉಣಿಸೋದು ನಮ್ಮಾಕೆ ಪಾಲಿಗೆ ಬಂತು. ಗೋಣಿಚೀಲ ಹಾಸಿ 14 ದಿನ, ಬೆಳಗ್ಗೆ ಸಂಜೆ. ಬೋರು ಕಡಿಮೆ ಇದ್ದ ಕಾಲ, ನಾನು 'ಒಂದು ವಾರ ಸಾಕು' ಅಂದೆ, ಅವಳು ಕೇಳಲಿಲ್ಲ. 28 ದಿನದವರೆಗೆ ಟ್ರ್ಯಾಕ್ಟರ್ ಹತ್ತಿಸಲಿಲ್ಲ.

ಈ ಸುಗ್ಗಿಗೆ ಅದರ ಮೇಲೇ ಒಣಗಿಸಿದ್ವಿ. ಎರಡಿಂಚು ದಪ್ಪ ಹರವಿದ್ರೆ 30 ಕ್ವಿಂಟಲ್ ಹಿಡೀತದೆ, ಕಲ್ಲು ಮಣ್ಣು ಬೆರೆಯಲ್ಲ. ರಸ್ತೆ ಕಡೆಗೆ ಒಂದು ಕಾಳೂ ಹಾಕಿಲ್ಲ.

ಒಂದು ತಪ್ಪು ಮಾಡೀನಿ, ಅದನ್ನೂ ಹೇಳ್ಬೇಕು. ರಸ್ತೆ ಹತ್ರದ ಕೊನೇ 10 ಅಡಿಗೆ ಬಂದಾಗ ಗರಸು ಖಾಲಿ. ಇನ್ನೊಂದು ಲೋಡಿಗೆ 1,500 ಯಾಕೆ ಅಂತ ಅಲ್ಲಿ ಅರ್ಧ ಅಡಿ ಮಾತ್ರ ತೆಗೆಸಿದೆ. 'ಗೌಡ್ರೆ, ಬ್ಯಾಡ' ಅಂದಿದ್ದ ಗೌಂಡಿ. ಮಳೆಗಾಲ ಮುಗಿದ ಮೇಲೆ ಅದೇ ತುಂಡಿನಾಗೆ ಮೂಲೆಯಿಂದ ಮೂಲೆಗೆ ಬಿರುಕು, ಈಗ ನಾಲ್ಕಾಣೆ ನಾಣ್ಯ ತೂರ್ತದೆ. ಉಳಿದ ಏಳು ತುಂಡು ಹಂಗೇ ಐದಾವೆ. ಅಕ್ಕನ ಮಗನಿಗೆ ಫೋಟೊ ಕಳಿಸಿದೆ. 'ಅದರ ಮೇಲೆ ರೆಸಿನ್ ಹಾಕಿದ್ರೆ ಮುಚ್ತಿತ್ತು ಮಾವ' ಅಂದ. ಮುಂದಿನ ತಿಂಗಳು ಆ ತುಂಡು ಒಡೆಸಿ, ಎರೆ ತೆಗೆಸಿ, ಮತ್ತೆ ಹಾಕಿಸ್ತೀನಿ. ಗರಸಿಗೆ ಹೇಳೀನಿ, ಎರಡು ಲೋಡ್.