ತ್ರಾಸಿಯಲ್ಲಿ ಇಳಿದೆವು

ಬಯಲುಸೀಮೆಯವರಾದ ನಮಗೆ ಕಡಲು ಎಂದೂ ಮುಗಿಯದ ಅಚ್ಚರಿ. ಕೆರೆ ಕೋಡಿ ಬಿದ್ದರೆ ಊರೆಲ್ಲ ಬಾಗಿನ ಹಿಡಿದು ಹೋಗುವ, ಭದ್ರಾ ನಾಲೆಗೆ ನೀರು ಬಂದ ದಿನವನ್ನು ಹಬ್ಬದಂತೆ ನೆನೆಯುವ ದಾವಣಗೆರೆಯ ಸೀಮೆ ನಮ್ಮದು. ಅಂಥವರ ಎದುರು ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಒಂದೇ ರಸ್ತೆ ಎಂಬ ನೋಟ ಬಂದು ನಿಂತರೆ ಕಣ್ಣು ಯಾವ ಕಡೆಗೆ ತಿರುಗಬೇಕು?

ಆ ನೋಟವನ್ನು ನಾವು ಮೊದಲು ಕಂಡದ್ದು 1996ರಲ್ಲಿ. ಧರ್ಮಸ್ಥಳ, ಉಡುಪಿ ಮುಗಿಸಿಕೊಂಡು ಮನೆಮಂದಿಯೆಲ್ಲ ಬಾಡಿಗೆಯ ಟೆಂಪೊದಲ್ಲಿ ಗೋಕರ್ಣಕ್ಕೆ ಹೊರಟಿದ್ದೆವು. ಕುಂದಾಪುರ ದಾಟಿ ತ್ರಾಸಿ, ಮರವಂತೆಗಳ ನಡುವೆ ಬಂದಾಗ ಶ್ರೀಮತಿಯವರು, "ಒಂದೈದು ನಿಮಿಷ ನಿಲ್ಲಿಸಬಹುದೇನ್ರೀ? ನೀರು ಮುಟ್ಟಿ ಬರ್ತೀನಿ" ಎಂದು ಮೆಲ್ಲನೆ ಕೇಳಿದರು. ಹಿಂದಿನ ಆಸನದಲ್ಲಿ ಹಿರಿಯರು ತೂಕಡಿಸುತ್ತಿದ್ದರು. ಮಡಿಲಲ್ಲಿ ಮಗಳು ಮಲಗಿದ್ದಳು. ಚಾಲಕನಿಗೆ ಕತ್ತಲಾಗುವುದರೊಳಗೆ ಗೋಕರ್ಣ ಸೇರುವ ಅವಸರ. "ಇನ್ನೊಮ್ಮೆ ಬಂದಾಗ ಇಳಿಯೋಣ" ಎಂದುಬಿಟ್ಟೆವು. ಅವರು ಮರುಮಾತಾಡದೆ ಕಿಟಕಿಯ ಕಡೆಗೆ ತಿರುಗಿದರು. ಆ "ಇನ್ನೊಮ್ಮೆ" ಬರಲು 29 ವರ್ಷಗಳೇ ಬೇಕಾದವು.

ಮಕ್ಕಳ ಓದು, ಮದುವೆ, ನೌಕರಿಯ ವರ್ಗಾವಣೆ, ಹಿರಿಯರ ಆರೈಕೆ. ಸಂಸಾರದಲ್ಲಿ ಕಾರಣಗಳಿಗೆ ಕೊರತೆಯೇ? 2024ರ ಕೊನೆಯಲ್ಲಿ ವೈದ್ಯರು ಶ್ರೀಮತಿಯವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ಹೇಳಿ ಫೆಬ್ರವರಿಯಲ್ಲಿ ದಿನ ಗೊತ್ತುಮಾಡಿದರು. ಅಂದು ರಾತ್ರಿ ಊಟವಾದ ಮೇಲೆ ಅವರು, "ಮರಳಿನ ಮೇಲೆ ನಡೆಯೋದಿದ್ರೆ ಈಗಲೇ ನಡೀಬೇಕು" ಎಂದರು. ಹೆಚ್ಚೇನೂ ಹೇಳಲಿಲ್ಲ. ನಮಗೆ ಅರ್ಥವಾಯಿತು.

ಬಸ್ಸೇ ಇರಲಿ

ಬೆಂಗಳೂರಿನಲ್ಲಿರುವ ಮಗಳು, "ಅಪ್ಪಾಜಿ, ಕಾರು ಮಾಡಿಕೊಂಡು ಹೋಗಿ, ಅಮ್ಮನ ಕಾಲು ನೋಡಿ" ಎಂದು ಒತ್ತಾಯಿಸಿದಳು. ತಾಯಿ ಒಪ್ಪಲಿಲ್ಲ. ಕಾರು ಮಾಡಿದರೆ ಚಾಲಕನ ಅವಸರಕ್ಕೆ ನಾವು ಓಡಬೇಕು, ಬಸ್ಸಾದರೆ ಇಳಿದಲ್ಲಿ ಇಳಿದೆವು, ಮುಂದಿನದು ಬಂದಾಗ ಹತ್ತಿದೆವು ಎಂಬುದು ಅವರ ವಾದ. ವೈದ್ಯರೂ ನಿಧಾನವಾಗಿ ನಡೆದಾಡಲು ಅಡ್ಡಿಯಿಲ್ಲವೆಂದರು. ಎರಡು ಕೈಚೀಲ, ಒಂದು ಊರುಗೋಲು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಇಷ್ಟರೊಡನೆ 2025ರ ಸಂಕ್ರಾಂತಿಗೆ ಎರಡು ದಿನವಿರುವಾಗ ಮನೆ ಬಿಟ್ಟೆವು.

ಶಿವಮೊಗ್ಗದವರೆಗೆ ಸರ್ಕಾರಿ ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಶೂನ್ಯ ದರದ ಚೀಟಿಯನ್ನು ಶ್ರೀಮತಿಯವರು ಮಡಿಚಿ ಪರ್ಸಿನಲ್ಲಿಟ್ಟುಕೊಂಡರು. ಮುಂದೆ ಖಾಸಗಿ ಬಸ್ಸು. ತೀರ್ಥಹಳ್ಳಿ, ಮಾಸ್ತಿಕಟ್ಟೆಗಳನ್ನು ಕಳೆದು ಹುಲಿಕಲ್ ಘಾಟಿಯ ತಿರುವುಗಳಲ್ಲಿ ಇಳಿಯತೊಡಗಿದಂತೆ ಗಾಳಿಯೇ ಬದಲಾಯಿತು. ಮೇಲೆ ಹೊದ್ದಿದ್ದ ಶಾಲು ಹೊಸಂಗಡಿಗೆ ಬರುವಷ್ಟರಲ್ಲಿ ಬೇಡವಾಯಿತು. ಸಿದ್ದಾಪುರ ದಾಟಿ ಸಂಜೆಯ ಹೊತ್ತಿಗೆ ಕುಂದಾಪುರ ಸೇರಿ ಅಲ್ಲಿಯೇ ತಂಗಿದೆವು.

ಮರುದಿನ ಬೆಳಿಗ್ಗೆ ಹತ್ತಿರದ ಬಸ್ರೂರಿಗೆ ಹೋಗಿಬಂದೆವು. ವಾರಾಹಿ ಹೊಳೆಯ ದಡದ ಈ ಶಾಂತ ಊರು ಒಂದು ಕಾಲಕ್ಕೆ ಅಕ್ಕಿ, ಮೆಣಸುಗಳ ದೊಡ್ಡ ಬಂದರು. ಪೋರ್ಚುಗೀಸರ ದಾಖಲೆಗಳಲ್ಲಿ ಅದು ಬಾರ್ಸೆಲೋರ್. ನಾವು ಇಳಿದು ಬಂದ ಘಟ್ಟದ ಮೇಲಿಂದಲೇ ಕೆಳದಿಯ ನಾಯಕರು ಈ ಕರಾವಳಿಯನ್ನು ಆಳಿದರು. ಶಿವಪ್ಪನಾಯಕನು 1650ರ ದಶಕದಲ್ಲಿ ಪೋರ್ಚುಗೀಸರ ಕೋಟೆಗಳನ್ನು ಗೆದ್ದು ಅವರನ್ನು ಇಲ್ಲಿಂದ ಕದಲಿಸಿದನು. 1665ರಲ್ಲಿ ಶಿವಾಜಿಯು ಹಡಗುಗಳೊಂದಿಗೆ ಬಂದು ದಾಳಿ ಮಾಡಿದ್ದೂ ಈ ಊರಿನ ಮೇಲೆಯೇ. ಸಂಪತ್ತು ಇದ್ದಲ್ಲಿಗಲ್ಲವೇ ದಾಳಿ? ಇಂದು ಮಹಾಲಿಂಗೇಶ್ವರ ದೇವಾಲಯದ ಪ್ರಾಂಗಣದಲ್ಲಿ ಕುಳಿತರೆ ಕೇಳುವುದು ತೆಂಗಿನ ಗರಿಗಳ ಸದ್ದು ಮಾತ್ರ.

ಬಸ್ಸಿನೊಳಗಿನ ಹಳೆಯ ಕನ್ನಡ

ಮಧ್ಯಾಹ್ನ ಕುಂದಾಪುರದಿಂದ ಬೈಂದೂರು ಕಡೆಯ ಸರ್ವಿಸ್ ಬಸ್ಸು ಹಿಡಿದೆವು. ಈ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳದೇ ಓಡಾಟ ಹೆಚ್ಚು. ನಿರ್ವಾಹಕರ ಬಾಯಲ್ಲಿ ಸೀಟಿ. ಒಮ್ಮೆ ಊದಿದರೆ ನಿಲುಗಡೆ, ಎರಡು ಸಲ ಊದಿದರೆ ಓಟ. ಶ್ರೀಮತಿಯವರು ಊರುಗೋಲು ಹಿಡಿದು ಮೆಟ್ಟಿಲೇರಲು ತಡಮಾಡಿದಾಗ ಆ ಹುಡುಗ ಸೀಟಿಯನ್ನು ಬಾಯಿಂದ ತೆಗೆದು, ಕೈ ನೀಡಿ ಹತ್ತಿಸಿಕೊಂಡು, ಮುಂದಿನ ಆಸನ ಬಿಡಿಸಿಕೊಟ್ಟ. ಅನಂತರ ನಮ್ಮ ಕಡೆ ತಿರುಗಿ, "ಹ್ವಾಯ್, ಎಲ್ಲಿಗ್ ಹೋಪ್ದ್?" ಎಂದ.

ಶ್ರೀಮತಿಯವರು ಥಟ್ಟನೆ ನಮ್ಮ ಮುಖ ನೋಡಿದರು. "ಏನ್ರೀ, ಹೋಪ ಅನ್ನೋದು ವಚನದ ಮಾತಲ್ಲವೇ?" ಎಂದರು. ಹೌದಲ್ಲ! ಹೋಪ, ಬಪ್ಪ, ಕಾಂಬ. ನಾವು ಪುಸ್ತಕ ತೆರೆದಾಗ ಮಾತ್ರ ಓದುವ, ಮಕ್ಕಳಿಗೆ ಅರ್ಥ ಬಿಡಿಸಿ ಹೇಳುವ ನಡುಗನ್ನಡದ ರೂಪಗಳು ಇಲ್ಲಿ ಚೀಟಿ ಹರಿಯುವ ಹುಡುಗನ ನಾಲಗೆಯ ಮೇಲಿವೆ. ಹಿಂದೆ ಕುಳಿತಿದ್ದ ಇಬ್ಬರು ಹೆಣ್ಣುಮಕ್ಕಳು "ಕಾಂಬ, ಕಾಂಬ" ಎಂದು ಏನನ್ನೋ ಮುಂದೂಡುತ್ತಿದ್ದರು. ನೋಡೋಣ ಎಂದು ಅದರ ಅರ್ಥ. ಕಾರಿನಲ್ಲಿ ಬಂದಿದ್ದರೆ ಈ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ತಲ್ಲೂರು ಕಳೆದು ಹೆಮ್ಮಾಡಿ ಬಂದಾಗ ಬಸ್ಸಿನೊಳಗೆ ಹಳದಿ ಸೇವಂತಿಗೆಯ ಕಟ್ಟುಗಳು ಹತ್ತಿದವು. ಹೆಮ್ಮಾಡಿಯ ಈ ಸಣ್ಣ ಸೇವಂತಿಗೆ ಸಂಕ್ರಾಂತಿಗೆ ಸರಿಯಾಗಿ ಅರಳುತ್ತದೆ. ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಇದೇ ಹೂವು ಬೇಕು. ಹೂವಿನವರೊಬ್ಬರು ಕೇಳದೆಯೇ ಒಂದು ತುಂಡು ಮಾಲೆಯನ್ನು ಶ್ರೀಮತಿಯವರಿಗೆ ಕೊಟ್ಟರು. ಅರಾಟೆಯ ಸೇತುವೆಯ ಕೆಳಗೆ ಸೌಪರ್ಣಿಕಾ ಹೊಳೆ ಅಗಲವಾಗಿ, ಗಡಿಬಿಡಿಯಿಲ್ಲದೆ ಹರಿಯುತ್ತಿತ್ತು. ಮುಳ್ಳಿಕಟ್ಟೆಯ ನಂತರ ಒಂದೇ ಸೀಟಿ. "ತ್ರಾಸಿ!" ಇಳಿದೆವು.

ಹೊಳೆ ಮತ್ತು ಕಡಲು

ಕಡಲಂಚಿನ ಒಂದು ಸಣ್ಣ ವಸತಿಗೃಹದಲ್ಲಿ ಕೋಣೆ ಹಿಡಿದೆವು. ಅಂದು ಸಂಜೆ ಸೂರ್ಯ ಮುಳುಗುವುದನ್ನು ಅಂಗಳದಿಂದಲೇ ನೋಡಿದೆವು. ಪ್ರಯಾಣದಿಂದ ಶ್ರೀಮತಿಯವರ ಕಾಲು ಊದಿಕೊಂಡಿತ್ತು. "ಇವತ್ತು ಅದು ಅಲ್ಲೇ ಇರಲಿ, ನಾವೂ ಇಲ್ಲೇ ಇರ್ತೀವಲ್ಲ" ಎಂದರು. ಅವಸರವಿಲ್ಲದ ಪ್ರವಾಸದ ಸುಖವೇ ಇದು.

ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ನೀರುದೋಸೆ ತಿಂದು ಮರವಂತೆಯ ಕಡೆ ಹೊರಟೆವು. ಕೊಡಚಾದ್ರಿಯ ಕಡೆಯಿಂದ ಇಳಿದು ಬರುವ ಸೌಪರ್ಣಿಕೆ ಇಲ್ಲಿ ಸಮುದ್ರಕ್ಕೆ ಕಲ್ಲೆಸೆತದ ದೂರಕ್ಕೆ ಬರುತ್ತಾಳೆ. ಆದರೆ ಸೇರುವುದಿಲ್ಲ. ಅಲೆಗಳು ತಂದೊಟ್ಟಿದ ಮರಳಿನ ದಿಬ್ಬ ಅಡ್ಡ ಬಂದು, ಹೊಳೆ ದಕ್ಷಿಣಕ್ಕೆ ಹೊರಳಿ, ಇನ್ನೂ ಹತ್ತು ಕಿಲೊಮೀಟರಿನಷ್ಟು ಸುತ್ತಿ ಗಂಗೊಳ್ಳಿಯಲ್ಲಿ ಕಡಲನ್ನು ಕೂಡುತ್ತದೆ. ಆ ದಿಬ್ಬದ ಮೇಲೆಯೇ ಹೆದ್ದಾರಿ. ಪೂರ್ವದಲ್ಲಿ ತೆಂಗಿನ ತೋಟಗಳ ಆಚೆ 1343 ಮೀಟರ್ ಎತ್ತರದ ಕೊಡಚಾದ್ರಿ ನೀಲಿಯಾಗಿ ನಿಂತಿದೆ.

ಹೆದ್ದಾರಿಯಂಚಿನಲ್ಲಿ ಹೊಳೆಯ ಬದಿಗೆ ಮಹಾರಾಜಸ್ವಾಮಿ ಎಂದು ಕರೆಯುವ ವರಾಹಸ್ವಾಮಿಯ ದೇವಾಲಯವಿದೆ. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಯಂದು ಜನರು ಹೊಳೆಯಲ್ಲಿಯೂ ಕಡಲಲ್ಲಿಯೂ ಮೀಯುತ್ತಾರೆ. ಮಳೆಗಾಲದ ಕಡಲಿಗೆ ಬದುಕನ್ನು ಒಪ್ಪಿಸಿದ ಮೀನುಗಾರರ ನಂಬುಗೆಯ ತಾಣವಿದು.

1996ರ ಇಕ್ಕಟ್ಟಾದ ರಸ್ತೆ ಈಗಿಲ್ಲ. ಅಂದಿನ 17ನೆಯ ರಾಷ್ಟ್ರೀಯ ಹೆದ್ದಾರಿ ಈಗ 66ನೆಯದಾಗಿ, ಚತುಷ್ಪಥವಾಗಿದೆ. ವಾಹನಗಳ ಓಟಕ್ಕೆ ರಸ್ತೆ ದಾಟುವುದೇ ವಯಸ್ಸಾದವರಿಗೆ ಒಂದು ಸಾಹಸ. ಕಡಲ ಕೊರೆತಕ್ಕೆ ತಡೆಯಾಗಿ ದೊಡ್ಡ ದೊಡ್ಡ ಬಂಡೆಗಳನ್ನು ದಂಡೆಯಲ್ಲಿ ಪೇರಿಸಿ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ನೀರಿನೊಳಕ್ಕೂ ಕಲ್ಲಿನ ಗೋಡೆಗಳನ್ನು ಚಾಚಿದ್ದಾರೆ. ಅಂದು ಕಿಟಕಿಯಿಂದ ಕಂಡ ತಡೆಯಿಲ್ಲದ ಮರಳಿನ ಹಾಸು ಹಲವೆಡೆ ಕಲ್ಲಿನ ಹಿಂದೆ ಅಡಗಿದೆ. ನೋಡಿ ಮನಸ್ಸು ಕಲಕಿತು. ಆದರೆ ಮಳೆಗಾಲದಲ್ಲಿ ಅಲೆ ರಸ್ತೆಯವರೆಗೂ ನುಗ್ಗುವ ನೆಲದಲ್ಲಿ ಮನೆ ಕಟ್ಟಿಕೊಂಡವರ ಭಯವನ್ನು ಒಂದು ದಿನದ ಅತಿಥಿಗಳಾದ ನಾವು ಅಳೆಯಬಾರದು.

ಬಂಡೆಗಳ ನಡುವೆ ಮರಳಿಗಿಳಿಯುವ ದಾರಿ ಹುಡುಕಲು ಸಾಕಷ್ಟು ಹೊತ್ತು ಹಿಡಿಯಿತು. ಕೊನೆಗೆ ಬಲೆ ಒಣಗಿಸುತ್ತಿದ್ದ ಹಿರಿಯರೊಬ್ಬರು ತ್ರಾಸಿಯ ಕಡೆಗಿನ ಒಂದು ತಗ್ಗು ಜಾಗ ತೋರಿಸಿದರು. ಶ್ರೀಮತಿಯವರು ಚಪ್ಪಲಿ ಬಿಟ್ಟು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ನಮ್ಮ ತೋಳು ಹಿಡಿದು ನಡೆದರು. ಮೆತ್ತನೆಯ ಮರಳಿನಲ್ಲಿ ಕೋಲು ಹೂತುಹೋಗುತ್ತಿತ್ತು. ನಾಲ್ಕು ಹೆಜ್ಜೆ, ಒಂದು ವಿಶ್ರಾಂತಿ. ಒದ್ದೆ ಮರಳು ಬಂದ ಮೇಲೆ ನಡಿಗೆ ಸಲೀಸಾಯಿತು. ಒಂದು ಅಲೆ ಬಂದು ಪಾದ ಮುಚ್ಚಿ, ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಅವರು ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಉಪ್ಪು ತಾಗಿ ಕಣ್ಣು ಉರಿದು ನಕ್ಕರು.

ಇನ್ನೊಂದು ಹೆಜ್ಜೆ ಮುಂದಿಡುವಷ್ಟರಲ್ಲಿ ಹಿಂದಿನಿಂದ, "ಅಮ್ಮಾ, ಮುಂದ್ ಹೋಪ್ದ್ ಬ್ಯಾಡ" ಎಂಬ ಕೂಗು ಕೇಳಿತು. ಅದೇ ಹಿರಿಯರು ನಮ್ಮ ಹಿಂದೆಯೇ ಇಳಿದು ಬಂದಿದ್ದರು. ಇಲ್ಲಿ ದಂಡೆ ತಟ್ಟನೆ ಆಳವಾಗುತ್ತದೆ, ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಜೋರು ಎಂದು ತಿಳಿಸಿದರು. ನಾವು ನೀರನ್ನು ಬಿಟ್ಟು ಮೇಲೆ ಬರುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಒಣ ಮರಳಿನ ಮೇಲೆ ಬಹಳ ಹೊತ್ತು ಕುಳಿತೆವು. 29 ವರ್ಷಗಳಿಂದ ಗಂಟಲಲ್ಲಿ ಸಿಕ್ಕಿದ್ದ ಮಾತನ್ನು ಅಂದು ಆಡಿದೆವು: "ಆವತ್ತೇ ನಿಲ್ಲಿಸಬೇಕಿತ್ತು." ಅವರು ಕಡಲಿನಿಂದ ಕಣ್ಣು ತೆಗೆಯದೆ ಹೇಳಿದರು: "ಆವತ್ತು ನಿಲ್ಲಿಸಿದ್ರೆ ಮಗು ಎದ್ದೀತು, ಅತ್ತೆಯವರಿಗೆ ಹೊತ್ತಾದೀತು ಅಂತ ಒಂದೇ ಕಾಲಲ್ಲಿ ನಿಂತಿರ್ತಿದ್ದೆ. ಇವತ್ತು ಎರಡೂ ಕಾಲೂರಿ ಕೂತಿದ್ದೀನಿ." ಸ್ವಲ್ಪ ತಡೆದು, "ಆದ್ರೂ ನಿಲ್ಲಿಸಬೇಕಿತ್ತು" ಎಂದರು. ಆ ಎರಡನೆಯ ಮಾತೂ ನಿಜ. ನಾವು ತಲೆಯಾಡಿಸಿದೆವು.

ಗಂಗೊಳ್ಳಿ, ಬೈಂದೂರು

ಹೊಳೆ ಕಡಲನ್ನು ಕೂಡುವುದನ್ನೂ ನೋಡಬೇಕೆಂದು ಮರುದಿನ ತ್ರಾಸಿಯಿಂದ ಗುಜ್ಜಾಡಿಯ ಮೇಲೆ ಗಂಗೊಳ್ಳಿಗೆ ಬಸ್ಸು ಹತ್ತಿದೆವು. ಪಂಚಗಂಗಾವಳಿ ಎಂದು ಕರೆಯುವ ಐದು ಹೊಳೆಗಳ ಅಳಿವೆ ಇದು. ಎದುರು ದಡದ ಕುಂದಾಪುರ ಕಣ್ಣಿಗೆ ಇಲ್ಲಿಯೇ ಎಂಬಂತೆ ಕಾಣುತ್ತದೆ. ನೆಲದ ದಾರಿಯಲ್ಲಿ ಹೋದರೆ ಹೆಮ್ಮಾಡಿಯ ಮೇಲೆ ಸುತ್ತಬೇಕು. ಬಂದರಿನಲ್ಲಿ ಬಣ್ಣಬಣ್ಣದ ದೋಣಿಗಳು, ಬುಟ್ಟಿ ಹೊತ್ತ ಹೆಂಗಸರ ಗಡಿಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಹೀಗಾಗಿ ಉಳಿದ ತಿಂಗಳುಗಳಲ್ಲೇ ವರ್ಷದ ದುಡಿಮೆ. ಶಾಕಾಹಾರಿಗಳಾದ ನಮಗೆ ವಾಸನೆ ಹೊಸದು, ಶ್ರಮ ಹೊಸದಲ್ಲ. ಸುಗ್ಗಿಯ ಕಣದಲ್ಲಿಯೂ ಹೀಗೆಯೇ ಅಲ್ಲವೇ?

ಮೂರನೆಯ ದಿನ ತ್ರಾಸಿಗೆ ವಿದಾಯ ಹೇಳಿ ಉತ್ತರಕ್ಕೆ ಹೊರಟೆವು. ನಾವುಂದ, ಕಿರಿಮಂಜೇಶ್ವರ, ನಾಗೂರು, ಕಂಬದಕೋಣೆ, ಉಪ್ಪುಂದ ಎಂದು ನಿರ್ವಾಹಕ ಕೂಗುತ್ತಿದ್ದ ಹೆಸರುಗಳೇ ಕೇಳಲು ಇಂಪು. ಕವಿ ಗೋಪಾಲಕೃಷ್ಣ ಅಡಿಗರು (1918–1992) ಹುಟ್ಟಿದ ಮೊಗೇರಿ ಇದೇ ದಾರಿಯ ಒಳಗಿದೆ. ಬೈಂದೂರಿನಲ್ಲಿ ಕಡಲ ದಂಡೆಯ ಸೋಮೇಶ್ವರನ ದರ್ಶನ ಮಾಡಿ, ಒತ್ತಿನೆಣೆಯ ಗುಡ್ಡಕ್ಕೆ ಆಟೋ ಮಾಡಿಕೊಂಡು ಹೋದೆವು. ಮೇಲಿಂದ ಕಾಣುವ ಸೂರ್ಯಾಸ್ತಕ್ಕೆ ಎಣೆಯಿಲ್ಲ.

ಹಿಂದಿರುಗುವಾಗ ಕೊಲ್ಲೂರು, ನಿಟ್ಟೂರು, ನಗರದ ಮಾರ್ಗ. ಕೊಲ್ಲೂರಿನಲ್ಲಿ ಕಂಡ ಸೌಪರ್ಣಿಕೆ ಕಲ್ಲುಗಳ ನಡುವಿನ ಸಣ್ಣ ಹೊಳೆ. ಅದರ ಕೊನೆಯನ್ನು ಮೊದಲೇ ಕಂಡು ಬಂದಿದ್ದ ನಮಗೆ, ಮುಂದೆ ಅದು ನಡೆಯಬೇಕಾದ ದಾರಿಯೆಲ್ಲ ಗೊತ್ತಿತ್ತು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ನಗರದ ಕೋಟೆಯನ್ನು ಮಾತ್ರ ಬಸ್ಸಿನ ಕಿಟಕಿಯಿಂದ ನೋಡಿ ಕೈಮುಗಿದೆವು. ಶ್ರೀಮತಿಯವರು ನಕ್ಕು, "ಇನ್ನೊಮ್ಮೆ ಅನ್ನಬೇಡಿ, ತಿಂಗಳು ಹೇಳಿ" ಎಂದರು. ನವೆಂಬರ್ ಎಂದೆವು.

ಹೋಗುವವರಿಗೆ ಎರಡು ಮಾತು

ಈ ದಾರಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಕುಂದಾಪುರ, ಬೈಂದೂರುಗಳ ನಡುವೆ ಹಗಲೆಲ್ಲ ಬಸ್ಸುಗಳಿವೆ. ಕೊಂಕಣ ರೈಲು ಮಾರ್ಗದಲ್ಲಿ ಕುಂದಾಪುರ, ಸೇನಾಪುರ, ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣಗಳಿವೆ. ಶಾಕಾಹಾರಕ್ಕೆ ಚಿಂತೆಯಿಲ್ಲ. ಹಲಸಿನೆಲೆಯ ಕೊಟ್ಟೆ ಕಡುಬು, ಗೋಳಿಬಜೆ, ಕುಚ್ಚಲಕ್ಕಿಯ ಅನ್ನ ರೊಟ್ಟಿಯ ಬಾಯಿಗೂ ಹಿಡಿಸುತ್ತವೆ. ಮಕ್ಕಳಿದ್ದರೆ ಅವರ ಕೈ ಬಿಡಬೇಡಿ, ಯಾರೂ ಪಾದ ಮುಳುಗುವುದಕ್ಕಿಂತ ಮುಂದೆ ನೀರಿಗಿಳಿಯಬೇಡಿ. ಹೆದ್ದಾರಿ ದಾಟುವಾಗ ಎರಡು ಸಲ ನೋಡಿ.

ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ನಡಿಗೆಯ ಅಭ್ಯಾಸ ಮಾಡಿಸಲು ಬಂದವರು ಮೊದಲ ದಿನ, "ನಾಲ್ಕು ಹೆಜ್ಜೆ ಸಾಕಮ್ಮ" ಎಂದರಂತೆ. "ನಾಲ್ಕು ಹೆಜ್ಜೆ, ಒಂದು ವಿಶ್ರಾಂತಿ. ಅದು ನನಗೆ ಗೊತ್ತು" ಎಂದು ಶ್ರೀಮತಿಯವರು ಎದ್ದು ನಿಂತರು. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಯಾರಾದರೂ ಒಮ್ಮೆ ಕಿಟಕಿಯಿಂದ ನೋಡಿ ಮೆಲ್ಲನೆ ಏನನ್ನೋ ಕೇಳಿರಬಹುದು. ನೆನಪಿದ್ದರೆ, ಈ ಸಲ ಇಳಿದುಬಿಡಿ.