ಬಾಡಿಗೆ ಪಾನಾ

ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ, ಆಯಿಲ್ ಸಂಪಿನ ಬೋಲ್ಟಿಗೆ ಪಾನಾ ಕೂರಿಸಿ ಎಳೆದರೆ ಅದು ಮೊದಲು ಮೊಂಡು ಹಿಡಿಯುತ್ತದೆ. ಇನ್ನೊಂದು ಸಲ ಉಸಿರು ಕಟ್ಟಿ ಎಳೆದರೆ ಟಕ್ಕೆಂದು ಸಡಿಲಿ, ಆಮೇಲೆ ಎರಡೇ ಬೆರಳಿಗೆ ತಿರುಗುತ್ತದೆ. ಆ ಟಕ್ ಎನ್ನುವುದರ ಸುಖವನ್ನು ಬಿಲ್ಲಿನಲ್ಲಿ ಉಳಿದ ಹಣದ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ. ಅಕ್ಕಿರೊಟ್ಟಿ ಹಿಟ್ಟಿನ ಹದ ಬೆರಳಿಗೆ ತಿಳಿಯುವ ಹಾಗೆ ಬೋಲ್ಟಿನ ಹದವೂ ಬೆರಳಿಗೇ ತಿಳಿಯುತ್ತದೆ. ತುಕ್ಕು ಹಿಡಿದದ್ದು ಕಿರುಗುಟ್ಟುತ್ತದೆ, ಮರೆ (ಥ್ರೆಡ್) ತಪ್ಪಿ ಕೂತದ್ದು ಮರಳು ಜಗಿದಂತೆ ಕರಕರ ಎನ್ನುತ್ತದೆ, ಅತಿಯಾಗಿ ಬಿಗಿದದ್ದು ಮುರಿಯುವ ಮೊದಲು ಒಂದು ಕ್ಷಣ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಈ ರುಚಿಯನ್ನು ಬಲ್ಲವರು ಶಿಕಾರಿಪುರ, ಸೊರಬದ ಕಡೆ ಕಡಿಮೆಯೇನಿಲ್ಲ. ಅವರಿಗೆ ಇಲ್ಲದಿರುವುದು ಕಾರನ್ನು ಎತ್ತಿ ನಿಲ್ಲಿಸುವ ಒಂದು ಜಾಗ. ಎರಡು ಗಟ್ಟಿ ಸ್ಟ್ಯಾಂಡು, ಟನ್ನುಗಟ್ಟಲೆ ಎತ್ತುವ ಟ್ರಾಲಿ ಜಾಕು, ಟಾರ್ಕ್ ಪಾನಾ, ಬೇರಿಂಗ್ ಕಳಚುವ ಪುಲ್ಲರ್, ಕೆಳಗಿಳಿದು ನಿಲ್ಲಲು ಒಂದು ಪಿಟ್ಟು: ಇವೆಲ್ಲ ಒಬ್ಬನಿಗೆ ವರ್ಷಕ್ಕೆ ಎರಡೋ ಮೂರೋ ಸಲ ಬೇಕಾಗುವ ಸಾಮಾನು. ಇಷ್ಟಕ್ಕಾಗಿ ಅವನ್ನು ಕೊಳ್ಳುವವನು ಹುಚ್ಚ ಅನ್ನಿಸಿಕೊಳ್ಳುತ್ತಾನೆ, ಕೊಳ್ಳದವನು ಆಸೆಯನ್ನು ಅಲ್ಲಿಗೇ ಬಿಡುತ್ತಾನೆ. ಆದ್ದರಿಂದ ಗ್ಯಾರೇಜಿನ ಒಂದು ಅಂಕಣವನ್ನು, ಅದರ ಗೋಡೆಗೆ ತೂಗಿರುವ ಹತ್ಯಾರಗಳ ಸಮೇತ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪದ್ಧತಿ ನಮ್ಮ ತಾಲ್ಲೂಕುಗಳಿಗೆ ಬರಬೇಕು ಎನ್ನುವುದು ನನ್ನ ವಾದ.

ಇದು ಹೊರಗಿನಿಂದ ತಂದು ನೆಡಬೇಕಾದ ಸಸಿಯೂ ಅಲ್ಲ. ಹಳ್ಳಿಯ ಕುಲುಮೆ ನಡೆಯುತ್ತಿದ್ದುದು ಹೆಚ್ಚುಕಡಿಮೆ ಹೀಗೆಯೇ. ನೇಗಿಲಿನ ಗುಳ ಹಣಿಸಲು ಹೋಗುವ ರೈತ ಇದ್ದಿಲನ್ನು ತಾನೇ ಹೊತ್ತು ತರುತ್ತಿದ್ದ, ತಿದಿಯನ್ನು ತಾನೇ ಒತ್ತುತ್ತಿದ್ದ, ಕಬ್ಬಿಣ ಕೆಂಪಾದಾಗ ದೊಡ್ಡ ಸುತ್ತಿಗೆಯನ್ನೂ ಎತ್ತುತ್ತಿದ್ದ. ಅಡೆಗಲ್ಲು, ಇಕ್ಕಳ, ಯಾವ ಬಣ್ಣಕ್ಕೆ ನೀರಿಗೆ ಅದ್ದಬೇಕೆಂಬ ತಿಳಿವಳಿಕೆ ಮಾತ್ರ ಕಮ್ಮಾರನದು. ಅದಕ್ಕೆ ಸುಗ್ಗಿಯಲ್ಲಿ ಆಯದ ಭತ್ತ ಸಲ್ಲುತ್ತಿತ್ತು. ಜಾಗ ಒಬ್ಬನದು, ಬೆವರು ಇನ್ನೊಬ್ಬನದು, ಜಾಣ್ಮೆ ಇಬ್ಬರ ನಡುವೆ. ಆಮೇಲೆ ಬಂದ ಸೈಕಲ್ ಶಾಪೂ ಅದೇ ಧರ್ಮ ಪಾಲಿಸಿತು: ಪಂಪು ಅಂಗಡಿಯದು, ಗಾಳಿ ಹೊಡೆಯುವ ರಟ್ಟೆ ನಿಮ್ಮದು. ಇವತ್ತಿಗೂ ಅಡಿಕೆ ಸುಲಿಯುವ ಯಂತ್ರ ಬಾಡಿಗೆಗೆ ಮನೆಯಿಂದ ಮನೆಗೆ ಹೋಗುತ್ತದೆ, ಮದುವೆಯ ಹಂಡೆ ಕೊಪ್ಪರಿಗೆ ಬಾಡಿಗೆಗೆ ಬರುತ್ತವೆ. ಸರ್ಕಾರ 2014–15ರಲ್ಲಿ ಕೃಷಿ ಯಂತ್ರಧಾರೆ ಎಂಬ ಹೆಸರಿನಲ್ಲಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳನ್ನು ಶುರುಮಾಡಿದ್ದೂ ಇದೇ ತರ್ಕದ ಮೇಲೆ: ವರ್ಷದಲ್ಲಿ ಹತ್ತು ದಿನ ಬೇಕಾಗುವ ರೋಟಾವೇಟರನ್ನು ಎರಡೆಕರೆಯವನು ಸಾಲ ಮಾಡಿ ಏಕೆ ಕೊಳ್ಳಬೇಕು? ಆದರೆ ಬಾಡಿಗೆ ಟ್ರ್ಯಾಕ್ಟರಿನ ಜೊತೆ ಸಾಮಾನ್ಯವಾಗಿ ಡ್ರೈವರೂ ಬಂದುಬಿಡುತ್ತಾನೆ. ಕೆಲಸ ಮುಗಿಯುತ್ತದೆ, ಹೊಲದವನ ಕೈ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ನಾನು ಮಾದರಿಯಾಗಿ ಹಿಡಿಯುವುದು ಯಂತ್ರಧಾರೆಯನ್ನಲ್ಲ, ಕುಲುಮೆಯನ್ನು. ಜರ್ಮನಿಯಲ್ಲಿ ಲಿಫ್ಟನ್ನೂ ಹತ್ಯಾರಗಳನ್ನೂ ಗಂಟೆಗಿಷ್ಟೆಂದು ಕೊಡುವ ಗ್ಯಾರೇಜುಗಳು ಎಷ್ಟೋ ಊರುಗಳಲ್ಲಿವೆ. ಅಮೆರಿಕದ ಸೈನಿಕ ನೆಲೆಗಳಲ್ಲಿ ಯೋಧರು ತಮ್ಮ ಕಾರನ್ನು ತಾವೇ ಬಿಚ್ಚಿಕೊಳ್ಳಲು ಕಾರ್ಯಾಗಾರಗಳಿವೆ. ಅಲ್ಲಿನ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಪುಲ್ಲರ್ ಕೊಡುತ್ತವೆ, ಹಿಂದಿರುಗಿಸಿದರೆ ಠೇವಣಿ ವಾಪಸು. ಹೆಸರು ಏನೇ ಇರಲಿ, ತಿದಿ ಒತ್ತುವ ಆ ರೈತನೇ ಅಲ್ಲಿಯೂ ಕಾಣುತ್ತಾನೆ.

ನಮ್ಮವರ ಕೈಗೆ ಇದು ಆಗದು ಎನ್ನುವವರು ಒಮ್ಮೆ ಟಿಲ್ಲರನ್ನು ನೋಡಬೇಕು. ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ 1967ರಲ್ಲಿ ಆರಂಭವಾಯಿತು. ಆ ಬಗೆಯ ಪವರ್ ಟಿಲ್ಲರುಗಳು ಮಲೆನಾಡಿನ ಕೆಸರುಗದ್ದೆಗೆ ಹೊಂದಿಕೊಂಡ ಮೇಲೆ ಅವನ್ನು ಸಂಬಾಳಿಸುವ ವಿದ್ಯೆಯೂ ಗದ್ದೆಗೆ ಇಳಿಯಿತು. ನಾಟಿಯ ಹೊತ್ತಿನಲ್ಲಿ ಬೆಲ್ಟ್ ಹರಿದರೆ ಮೆಕ್ಯಾನಿಕ್ಕಿಗೆ ಕಾದು ಕೂರುವವರುಂಟೆ? ಬೆಲ್ಟ್ ಬದಲಿಸುವುದು, ಡೀಸೆಲ್ ಪೈಪಿನಲ್ಲಿ ಸಿಕ್ಕಿದ ಗಾಳಿ ತೆಗೆಯುವುದು, ಸವೆದ ಬ್ಲೇಡು ಬಿಚ್ಚಿ ಹಾಕುವುದು ಬದುವಿನ ಮೇಲೆಯೇ ಆಗುತ್ತದೆ. ಅದೇ ಮನುಷ್ಯ ಅಂಗಳದಲ್ಲಿ ನಿಂತ ಕಾರಿನ ಬಾನೆಟ್ಟು ಎತ್ತಲು ಹಿಂಜರಿಯುತ್ತಾನೆ. ಟಿಲ್ಲರಿಗಿಂತ ಕಾರು ಕಷ್ಟ ಅಂತಲ್ಲ. ಆಯಿಲ್ ಬದಲಿಸುವುದು ಎರಡರಲ್ಲೂ ಒಂದೇ ಕೆಲಸ. ಟಿಲ್ಲರಿನ ಅಂಗಾಂಗವೆಲ್ಲ ಕಣ್ಣೆದುರಿಗಿದೆ, ಸೊಂಟದ ಎತ್ತರದಲ್ಲಿದೆ. ಕಾರಿನದು ನೆಲಕ್ಕೆ ಗೇಣು ದೂರದಲ್ಲಿ ಅಡಗಿದೆ. ಎರಡಕ್ಕೂ ನಡುವಿನ ಅಂತರ ಒಂದು ಪಿಟ್ಟಿನ ಆಳದಷ್ಟೇ. ಈ ಪಿಟ್ಟು ಸಿಗದೆ ಶಿಕಾರಿಪುರದವರು ಸಣ್ಣ ಕೆಲಸಕ್ಕೂ ಸುಮಾರು 50 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋಗಿ, ಗಾಜಿನಾಚೆ ಸೋಫಾದಲ್ಲಿ ಕೂತು, ತಮ್ಮ ಗಾಡಿಗೆ ಏನಾಗುತ್ತಿದೆ ಎಂದು ಗೊತ್ತಾಗದೆ ಚಹಾ ಕುಡಿಯುತ್ತಾರೆ. ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡಂದಿರ ಮುಖ ಅಲ್ಲಿ ನೋಡಬಹುದು.

ಮೊದಲು ಕೇಳಿಬರುವ ಆಕ್ಷೇಪ ಅಪಾಯದ್ದು, ಅದು ಸುಳ್ಳೂ ಅಲ್ಲ. ಜಾಕಿನಿಂದ ಜಾರಿದ ಕಾರು ಆಳನ್ನು ಕೊಲ್ಲುತ್ತದೆ. ಆದರೆ ಈಗ ನಡೆಯುತ್ತಿರುವುದಾದರೂ ಏನು? ಮಳೆ ನೆನೆದ ಜಂಬಿಟ್ಟಿಗೆ ಮಣ್ಣಿನ ಅಂಗಳದಲ್ಲಿ, ಗಾಡಿಯ ಜೊತೆ ಕಂಪನಿ ಕೊಟ್ಟ ಬಡಕಲು ಜಾಕಿನ ಮೇಲೆ, ಪಕ್ಕಕ್ಕೆ ಎರಡು ಕಲ್ಲು ಇಟ್ಟು ಕೆಳಗೆ ನುಸುಳುವುದು. ಆ ಜಾಕು ಇರುವುದು ದಾರಿಯಲ್ಲಿ ಚಕ್ರ ಬದಲಿಸಲು, ಕೆಳಗೆ ಮಲಗಲು ಅಲ್ಲ. ಕಾಂಕ್ರೀಟ್ ನೆಲ, ಸ್ಟ್ಯಾಂಡು, ಪಕ್ಕದಲ್ಲಿ ನುರಿತ ಮೇಸ್ತ್ರಿಯ ಒಂದು ಕಣ್ಣು ಇದ್ದರೆ ಅಪಾಯ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಟಾರ್ಕ್ ಪಾನಾವನ್ನೇ ನೋಡಿ. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು. ಅರ್ಧ ಮೀಟರ್ ಉದ್ದದ ಹಿಡಿಯ ತುದಿಗೆ ಹತ್ತಿರಹತ್ತಿರ 20 ಕಿಲೋ ತೂಕ ತೂಗಿಬಿಟ್ಟಷ್ಟು. ನಾವು ಮಾಡುವುದು ಪಾನಾದ ಮೇಲೆ ಎರಡೂ ಕಾಲಿಟ್ಟು ನಿಂತು ಕುಣಿಯುವುದು. ಎಪ್ಪತ್ತು ಕಿಲೋ ಭಕ್ತಿಯನ್ನು ಯಾವ ಸ್ಟಡ್ಡೂ ಬಹುಕಾಲ ತಾಳದು. ನಿಗದಿ ಮಾಡಿದ ಬಿಗಿ ತಲುಪಿದೊಡನೆ ಟಿಕ್ ಎಂದು ಕೈಯನ್ನು ಎಚ್ಚರಿಸುವ ಹತ್ಯಾರ ಗೋಡೆಯ ಮೇಲೆ ಇದ್ದರೆ, ಅದನ್ನು ಒಂದು ಸಲ ಬಳಸಿದವನ ಕೈ ಮುಂದೆ ಸಾದಾ ಪಾನಾ ಹಿಡಿದಾಗಲೂ ಅಳತೆ ಕಲಿತಿರುತ್ತದೆ. ಪೆಟ್ಟಾದರೆ ಹೊಣೆ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ, ಒಪ್ಪುತ್ತೇನೆ. ಅದಕ್ಕೆ ಲಿಖಿತ ಕರಾರೂ ವಿಮೆಯೂ ಬೇಕು; ಬಾಯಿಮಾತಿನಲ್ಲಿ ಮುಗಿಸುವ ನಮ್ಮ ಅಭ್ಯಾಸ ಇಲ್ಲಿ ನಡೆಯದು.

ಮೆಕ್ಯಾನಿಕ್ಕುಗಳ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂದೂ ಕೇಳುತ್ತಾರೆ. ನಿಜಕ್ಕೂ ಈ ಬಾಡಿಗೆಯ ಯಜಮಾನ ಮೆಕ್ಯಾನಿಕ್ಕೇ ಆಗಬೇಕು. ಬಿಡಿಭಾಗಕ್ಕೆ ಕಾಯುತ್ತ ಖಾಲಿ ಬಿದ್ದ ಅಂಕಣ ಅವನಿಗೆ ಏನೂ ತರುವುದಿಲ್ಲ. ಅಲ್ಲೊಬ್ಬ ತನ್ನ ಏರ್ ಫಿಲ್ಟರ್ ಬಡಿದುಕೊಂಡು ಕೂತರೆ ಬಾಡಿಗೆ ಬಂತು, ಅವನು ಅರ್ಧಕ್ಕೆ ಸೋತರೆ ಕೆಲಸವೂ ಬಂತು. ಇನ್ನು ಈಗಿನ ಕಾರೆಲ್ಲ ಕಂಪ್ಯೂಟರ್ ಎನ್ನುವ ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್–6 ಗಾಡಿಗಳ ಎಂಜಿನ್ನಿನ ಒಳಗುಟ್ಟಿಗೆ ಸ್ಕ್ಯಾನರ್ ಇಲ್ಲದೆ ಕೈಹಾಕಬಾರದು ಎನ್ನುವುದು ಸರಿ, ವಾರಂಟಿ ಇರುವ ತನಕ ಕಂಪನಿಯ ಬಾಗಿಲಿಗೇ ಹೋಗುವುದು ಲೇಸು. ಆದರೆ ಬ್ರೇಕ್ ಪ್ಯಾಡು, ವೈಪರ್, ಬ್ಯಾಟರಿ, ಬಲ್ಬು, ಫಿಲ್ಟರ್ ಇವು ಯಾವ ಕಂಪ್ಯೂಟರಿನ ಅಪ್ಪಣೆಗೂ ಕಾಯದೆ ಸವೆಯುತ್ತವೆ. ಅದರಲ್ಲೂ ಮಳೆಗಾಲದ ಕೆಸರು ತಿಂದ ಬ್ರೇಕು ದಸರೆಯ ಹೊತ್ತಿಗೆ ಒಮ್ಮೆ ಬಿಚ್ಚಿ ಒರೆಸುವುದನ್ನು ಬೇಡುತ್ತದೆ. ಆ ಸ್ಕ್ಯಾನರೂ ಬಾಡಿಗೆಗೆ ಇಡಬಹುದಾದ ಹತ್ಯಾರವೇ. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿಗೆಂದು ಜಾಲತಾಣ ತೆರೆದಾಗ ಕೃಷಿ ಉಪಕರಣಗಳನ್ನೂ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಹಕ್ಕು ಕೊಟ್ಟರೇನು, ಅದನ್ನು ಚಲಾಯಿಸಲು ಕಾಲೂರುವ ನೆಲ ಬೇಕಲ್ಲ.

ಯಾರೂ ಬಾಯಿಬಿಟ್ಟು ಹೇಳದ ಆಕ್ಷೇಪ ಒಂದಿದೆ, ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಅದೇ: ಕಾರು ಇಟ್ಟುಕೊಂಡವರು ಕೈ ಮಸಿ ಮಾಡಿಕೊಳ್ಳುವುದೇ? ಈ ಸಂಕೋಚ ಬೇರೆಲ್ಲಾದರೂ ಇರಲಿ, ನಮ್ಮ ಉಡುತಡಿಯ ಸೀಮೆಗೆ ಒಪ್ಪುವುದಿಲ್ಲ. ಅಕ್ಕಮಹಾದೇವಿ ಹುಟ್ಟಿದ ಊರು ಇದು. ಅವಳ ಜೊತೆಯ ಶರಣರು ಮಡಿವಾಳ, ಮೇದಾರ, ಅಂಬಿಗ ಎಂದು ತಮ್ಮ ದುಡಿಮೆಯನ್ನೇ ಹೆಸರಿನ ಮುಂದೆ ಹೊತ್ತು ನಡೆದವರು. ಪಕ್ಕದ ಬಳ್ಳಿಗಾವಿಯಿಂದ ಹೊರಟ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನಲ್ಲಿ ಮದನಿಕೆಯರನ್ನು ಕಡೆದು, ಕಲ್ಲಿನಲ್ಲೇ ತಮ್ಮ ಹೆಸರು ಕೊರೆದು ಬಂದವರು. ಕೈಗೆಲಸಕ್ಕೆ ನಾಚುವವನು ರುಜು ಹಾಕುವುದಿಲ್ಲ. ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಮನೆಯ ಷೋಕೇಸಿನಲ್ಲಿ ಇಟ್ಟು ಮೆಚ್ಚುವ ನಾವೇ ಗ್ರೀಸ್ ಮೆತ್ತಿದ ಬೆರಳನ್ನು ಕಂಡು ಮೂಗು ಮುರಿಯುತ್ತೇವೆ. ಉಳಿಯ ಕೈ ಕಲೆ, ಪಾನಾದ ಕೈ ಕೂಲಿ ಎಂದು ಭಾಗ ಮಾಡಿಟ್ಟವರು ಯಾರೋ. ಮದನಿಕೆಯ ನೆರಿಗೆ ಮತ್ತು ಬೋಲ್ಟಿನ ಮರೆ, ಎರಡನ್ನೂ ನೋಡುವುದು ಬೆರಳಿನ ತುದಿಯೇ.

ಬಾಡಿಗೆ ಗ್ಯಾರೇಜಿನಿಂದ ಆಗುವ ಇನ್ನೊಂದು ಲಾಭ ನೆಲಕ್ಕೆ, ನೀರಿಗೆ. ಅಂಗಳದಲ್ಲಿ ಇಳಿಸಿದ ಕರಿ ಆಯಿಲ್ ಗೆದ್ದಲು ಬಾರದಿರಲೆಂದು ಬೇಲಿ ಗೂಟಕ್ಕೆ ಬಳಿದು ಮುಗಿಯುತ್ತದೆ, ಉಳಿದದ್ದು ಚರಂಡಿಗೆ. ಅಲ್ಲಿಂದ ಶಿಕಾರಿಪುರದಲ್ಲಾದರೆ ಕುಮುದ್ವತಿ, ಸೊರಬದಲ್ಲಾದರೆ ದಂಡಾವತಿ, ಅದರಿಂದ ಮುಂದೆ ವರದೆ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳು ಹೇಳುತ್ತವೆ. ಮನೆಮನೆಯ ಮೂರು ಮೂರು ಲೀಟರನ್ನು ಹುಡುಕಿಕೊಂಡು ಬರುವವರಿಲ್ಲ, ಒಂದೆಡೆ ಡ್ರಮ್ಮಿನಲ್ಲಿ ತುಂಬಿದರೆ ಮರುಶುದ್ಧಿಗೆ ಒಯ್ಯುವವರಿದ್ದಾರೆ.

ಇಷ್ಟೆಲ್ಲ ಒಪ್ಪಿ ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಯಾರಾದರೂ ಅಂಕಣ ತೆರೆದರೆ ಒಂದು ಕಿವಿಮಾತು. ಗೋಡೆಗೆ ಹಲಗೆ ಹೊಡೆದು, ಪ್ರತಿ ಹತ್ಯಾರದ ಆಕಾರವನ್ನು ಬಣ್ಣದಲ್ಲಿ ಬರೆದಿಡಿ. ಸಂಜೆ ಬಾಗಿಲು ಹಾಕುವಾಗ ಖಾಲಿ ಆಕಾರವೇ ಯಾರದ್ದು ಬಾಕಿ ಎಂದು ಹೇಳುತ್ತದೆ. ಠೇವಣಿಯನ್ನು ಜಾಕಿಗಿಂತ ಸಣ್ಣ ಸಾಕೆಟ್ಟುಗಳ ಮೇಲೆ ಹೆಚ್ಚು ಹಿಡಿಯಿರಿ. 10 ನಂಬರಿನ ಸಾಕೆಟ್ಟನ್ನು ಮಾತ್ರ ಆರು ತಂದಿಡಿ, ಜಗತ್ತಿನ ಯಾವ ಗ್ಯಾರೇಜಿನಲ್ಲೂ ಅದೊಂದು ಇಟ್ಟಲ್ಲಿ ಇರುವುದಿಲ್ಲ.